ಹೊಡೆಯದೆ ಶಿಸ್ತು: ನೀವು ಏನು ಮಾಡಿ ನೋಡಿದ್ದೀರಿ?

ಪ್ರಶ್ನೆ, ವಿಜಯಪುರದ ಹೊಸ ಶಿಕ್ಷಕರಿಂದ:
ನನ್ನದು ಎಂಟನೇ ತರಗತಿ. ದಿನಾ ಜಗಳ. ಹೊಡೆಯಬಾರದು, ಸರಿ. ಸುಮ್ನೆ ಬುದ್ಧಿ ಹೇಳಿದರೆ ಯಾರೂ ಕೇಳುವುದಿಲ್ಲ. ಜಗಳ ಆಡಿದವರನ್ನು ಕೂರಿಸಿ, ಆದ ನೋವು ಸರಿಪಡಿಸುವ ಪದ್ಧತಿ ಇದೆಯಂತೆ. ಯಾರಾದರೂ ಮಾಡಿದ್ದೀರಾ?

ಗುಳೇದಗುಡ್ಡದ ಶಿಕ್ಷಕಿ:
ಮಾಡಿದ್ದೇನೆ ಸರ್. ಮೊದಲು ನನ್ನ ತಪ್ಪು ಕೇಳಿ. ಒಬ್ಬ ಹುಡುಗ ಪಕ್ಕದ ಹುಡುಗಿಯ ವಿಜ್ಞಾನದ ನೋಟ್ಸ್ ಹರಿದು ಹಾಕಿದ. ಅವನ ಅಪ್ಪನನ್ನು ಕರೆಸಿದೆ. ಅವರು ಮಗ್ಗ ಬಿಟ್ಟು ಬಂದರು. ಅರ್ಧ ದಿನದ ಕೂಲಿ ಹೋದ ಸಿಟ್ಟಿಗೆ ಗೇಟಿನ ಹತ್ತಿರವೇ ಮಗನ ಕಪಾಳಕ್ಕೆ ಬಾರಿಸಿದರು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಮಗೆ ಹೊಡೆಯುವುದನ್ನೂ, ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ನಾನು ಕೈ ಎತ್ತಿರಲಿಲ್ಲ. ಆದರೂ ಆ ಏಟು ಬಿದ್ದದ್ದು ನನ್ನಿಂದಲೇ ಅಲ್ವಾ? ಇಷ್ಟೆಲ್ಲ ಆದರೂ ಹುಡುಗಿಯ ನೋಟ್ಸ್ ಹರಿದೇ ಇತ್ತು.

ಮರುದಿನ ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿದೆ. ಏನಾಯಿತು? ಆಗ ನಿನ್ನ ಮನಸ್ಸಿನಲ್ಲಿ ಏನಿತ್ತು? ಯಾರಿಗೆ ನೋವಾಯಿತು? ಈಗ ಸರಿಯಾಗಲು ಏನು ಮಾಡಬೇಕು? 'ಯಾಕೆ ಮಾಡಿದೆ' ಅಂತ ಮಾತ್ರ ಕೇಳಲಿಲ್ಲ. ಹಾಗೆ ಕೇಳಿದರೆ ಮಕ್ಕಳು ತಲೆ ತಗ್ಗಿಸಿ ನಿಲ್ಲುತ್ತಾರೆ, ಅಷ್ಟೇ. ಅವಳು ಒಪ್ಪಿದ ಮೇಲೆ ಒಟ್ಟಿಗೆ ಕೂರಿಸಿದೆ. ಅವಳಿಗೆ ಅವನ 'ಸಾರಿ' ಬೇಕಿರಲಿಲ್ಲ. "ಶುಕ್ರವಾರ ಟೆಸ್ಟ್ ಐತ್ರಿ ಅಕ್ಕಾರ, ನನಗ ನೋಟ್ಸ್ ಬೇಕು" ಅಂದಳು. ಅವನು ಮೂರು ದಿನ ಊಟದ ಬಿಡುವಿನಲ್ಲಿ ಕೂತು ಹದಿನಾಲ್ಕು ಪುಟ ಬರೆದ. ಎರಡು ಪುಟ ಗಿಜಿಬಿಜಿ ಆಗಿತ್ತು. ಅವಳು ತಿರುಗಿ ಕೊಟ್ಟಳು. ಮತ್ತೆ ಬರೆದ.

ಇದು ಊರಕಟ್ಟೆ ಪಂಚಾಯ್ತಿ ತರಹ ಅಲ್ಲ ಸರ್. ಅಲ್ಲಿ ಹಿರಿಯರು ತೀರ್ಪು ಹೇಳುತ್ತಾರೆ. ಇಲ್ಲಿ ನೋವಾದವರು ತಮಗೇನು ಬೇಕು ಅಂತ ಹೇಳಬೇಕು. ನ್ಯೂಜಿಲೆಂಡ್ 1989ರಲ್ಲಿ ತಪ್ಪು ಮಾಡಿದ ಮಕ್ಕಳ ವಿಷಯಕ್ಕೆ, ಮಗು, ಮನೆಯವರು, ನೋವಾದವರು ಒಟ್ಟಿಗೆ ಕೂತು ಮಾತಾಡುವ ಕುಟುಂಬ ಸಭೆಯನ್ನು ಕಾನೂನಿಗೇ ಸೇರಿಸಿತು. ಅದರ ಬೇರು ಅಲ್ಲಿನ ಮೂಲನಿವಾಸಿಗಳಾದ ಮಾವೊರಿ ಜನರ ರೂಢಿಯಲ್ಲಿದೆ.

ಒಂದು ಎಚ್ಚರ. ಲೈಂಗಿಕ ಕಿರುಕುಳದ ದೂರು ಬಂದರೆ ಇಬ್ಬರನ್ನೂ ಎದುರುಬದುರು ಕೂರಿಸಲೇಬೇಡಿ. 2012ರ ಪೋಕ್ಸೊ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ 1098 ಇದೆ.

ಬೆಳಗಾವಿಯ ಶಿಕ್ಷಕ:
ಅಕ್ಕಾವ್ರು ಹೇಳಿದ್ದು ಖರೆ. ಸಮಯದ್ದೇ ಕಷ್ಟ. ನಾನು ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಅರ್ಧ ತಾಸು ಇದಕ್ಕೇ ಇಟ್ಟಿದ್ದೇನೆ. ಜಗಳ ಇಲ್ಲದ ವಾರವೂ ಮಕ್ಕಳನ್ನು ದುಂಡಗೆ ಕೂರಿಸಿ ಮಾತಾಡಿಸಿ ಸರ್. ಜಗಳ ಆದ ದಿನವೇ ಮೊದಲ ಸಲ ಕೂರಿಸಿದರೆ ಯಾರೂ ಬಾಯಿ ಬಿಡುವುದಿಲ್ಲ.