ಎಎಂಎಲ್ ಎಂಬ ರಕ್ತದ ಕ್ಯಾನ್ಸರ್‌ಗೆ ಆಂಟಿಬಾಡಿ ಮದ್ದು ಮಾಡೋದು ಯಾಕಿಷ್ಟು ಕಷ್ಟ?

ಧಾರವಾಡದ ವಿದ್ಯಾರ್ಥಿನಿ:
ಎಂಎಸ್ಸಿ ಸೆಮಿನಾರ್‌ಗೆ ರಕ್ತದ ಕ್ಯಾನ್ಸರ್‌ನ ಆಂಟಿಬಾಡಿ ಮದ್ದುಗಳ (ಕೋಶದ ಮೇಲಿನ ಗುರುತು ಹಿಡಿದು ಅಂಟುವ ಪ್ರೋಟೀನ್ ಮದ್ದುಗಳು) ವಿಷಯ ತಗೊಂಡಿದ್ದೇನೆ. ಬಿ-ಎಎಲ್‌ಎಲ್‌ಗೆ (ಬಿ ಕೋಶಗಳ ರಕ್ತದ ಕ್ಯಾನ್ಸರ್) ಬ್ಲಿನಾಟುಮೊಮ್ಯಾಬ್, ಇನೊಟುಜುಮ್ಯಾಬ್ ಎರಡೂ ಚೆನ್ನಾಗಿ ಕೆಲಸ ಮಾಡುತ್ತವೆ. ಎಎಂಎಲ್‌ನಲ್ಲಿ ನನಗೆ ಸಿಕ್ಕಿದ್ದು ಗೆಮ್ಟುಜುಮ್ಯಾಬ್ ಒಂದೇ. ಅದೂ ಒಮ್ಮೆ ಮಾರುಕಟ್ಟೆಯಿಂದ ವಾಪಸ್ ಹೋಗಿ ಬಂದಿದ್ದು. ಎರಡೂ ಲ್ಯುಕೇಮಿಯಾನೇ ಅಲ್ವಾ?

ಫ್ಲೋ ಲ್ಯಾಬ್:
ನಾನು ದಿನವೂ ಮೂಳೆಮಜ್ಜೆಯ ಸ್ಯಾಂಪಲ್‌ನಲ್ಲಿ ಕೋಶಗಳ ಮೇಲಿನ ಗುರುತು ನೋಡುವವನು. ಆಂಟಿಬಾಡಿ ತಯಾರಿಸೋದು ಈಗ ದೊಡ್ಡ ಕಷ್ಟವಲ್ಲ. ಗುರಿ ಆರಿಸೋದೇ ಕಷ್ಟ.

ಬಿ-ಎಎಲ್‌ಎಲ್ ಕೋಶಗಳ ಮೇಲೆ ಸಿಡಿ19 ಎಂಬ ಗುರುತಿನ ಪ್ರೋಟೀನ್ ಇರುತ್ತದೆ, ಬ್ಲಿನಾಟುಮೊಮ್ಯಾಬ್‌ನ ಗುರಿ ಅದೇ. ಆರೋಗ್ಯವಂತ ಬಿ ಕೋಶಗಳ ಮೇಲೂ ಇರುತ್ತದೆ. ಮದ್ದು ಎರಡನ್ನೂ ಅಳಿಸಿದರೂ ರೋಗಿ ಬದುಕಬಲ್ಲ, ಬೇಕಿದ್ದರೆ ಇಮ್ಯುನೊಗ್ಲಾಬ್ಯುಲಿನ್ (ಸೋಂಕು ತಡೆಯುವ ಆಂಟಿಬಾಡಿ) ಕೊಡಬಹುದು. ಎಎಂಎಲ್‌ನಲ್ಲಿ ಗುರಿ ಸಿಡಿ33. ಮಜ್ಜೆಯಲ್ಲಿ ಬೆಳೆಯುತ್ತಿರುವ ಒಳ್ಳೆಯ ಮೈಲಾಯ್ಡ್ ಕೋಶಗಳ (ನ್ಯೂಟ್ರೊಫಿಲ್‌ನಂಥ ಬಿಳಿ ರಕ್ತಕಣಗಳಾಗುವ ಕೋಶಗಳು) ಮೇಲೂ ಅದೇ ಇದೆ. ಅವು ಹೋದರೆ ಸೋಂಕಿನ ವಿರುದ್ಧ ಹೋರಾಡುವ ನ್ಯೂಟ್ರೊಫಿಲ್ ಸಂಖ್ಯೆ ನೆಲಕಚ್ಚುತ್ತದೆ. ಹಾಗೆ ಜಾಸ್ತಿ ದಿನ ಇರೋಕಾಗಲ್ಲ.

ಗೆಮ್ಟುಜುಮ್ಯಾಬ್ ಕಥೆಯನ್ನು ಸೆಮಿನಾರ್‌ನಲ್ಲಿ ಬಿಡಬೇಡಿ. ಇದು ಸಿಡಿ33 ಆಂಟಿಬಾಡಿಗೆ ಕ್ಯಾಲಿಕಿಯಾಮೈಸಿನ್ ಎಂಬ ವಿಷ ಕಟ್ಟಿದ ಮದ್ದು. 2000ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಾಗ ಒಂದು ಸಲಕ್ಕೆ ದೇಹದ ಮೇಲ್ಮೈಯ ಚದರ ಮೀಟರ್‌ಗೆ 9 ಮಿಗ್ರಾಂ. ಲಿವರ್‌ಗೆ ಪೆಟ್ಟು ಬಿತ್ತು. ಮುಂದಿನ ಟ್ರಯಲ್‌ನಲ್ಲಿ ಲಾಭ ಕಾಣದೆ ಆರಂಭದ ಸಾವುಗಳು ಹೆಚ್ಚಾದಾಗ 2010ರಲ್ಲಿ ಹಿಂತೆಗೆದರು. ಅದೇ ಹೊತ್ತಿಗೆ ಫ್ರಾನ್ಸ್‌ನ ವೈದ್ಯರು 3 ಮಿಗ್ರಾಂನಂತೆ 1, 4, 7ನೇ ದಿನ ಕೀಮೋ ಜೊತೆ ಕೊಟ್ಟು ನೋಡಿದರು. ಫಲಿತಾಂಶ ಒಳ್ಳೆಯದಿತ್ತು, 2017ರಲ್ಲಿ ಮತ್ತೆ ಒಪ್ಪಿಗೆ ಬಂತು. ಅದೇ ಆಂಟಿಬಾಡಿ, ಅದೇ ವಿಷ. ಬದಲಾಗಿದ್ದು ಕೊಡುವ ಲೆಕ್ಕ ಮತ್ತು ರೀತಿ. ಒಂದು ಒಳ್ಳೆಯ ಮದ್ದು ಇಷ್ಟು ವರ್ಷ ಕೈತಪ್ಪಿತ್ತಲ್ಲ ಅಂತ ನನಗೆ ಈಗಲೂ ಸಂಕಟವಾಗುತ್ತದೆ.

ಮಕ್ಕಳ ವಾರ್ಡ್ ನರ್ಸ್:
ಬ್ಲಿನಾಟುಮೊಮ್ಯಾಬ್ ಬಗ್ಗೆ ಒಂದು ಮಾತು. ಅದು ರಕ್ತದಲ್ಲಿ ಕೆಲವೇ ಗಂಟೆ ಉಳಿಯುತ್ತದೆ. ಅದಕ್ಕೇ 28 ದಿನ ಮದ್ದು ಹನಿಸುವ ಪಂಪ್ ನಿಲ್ಲುವ ಹಾಗಿಲ್ಲ. ಮೊದಲ ದಿನಗಳಲ್ಲಿ ಜ್ವರ ನೋಡುತ್ತೇವೆ. ಬರೆಯಬಲ್ಲ ಮಕ್ಕಳಿಂದ ದಿನಾ ಒಂದು ಸಾಲು ಬರೆಸುತ್ತೇವೆ. ಅಕ್ಷರ ಸೊಟ್ಟಗಾದರೆ ತಕ್ಷಣ ಡಾಕ್ಟರನ್ನು ಕರೆಯುತ್ತೇವೆ, ಮಿದುಳಿನ ತೊಂದರೆ ಮೊದಲು ಕೈಬರಹದಲ್ಲೇ ಕಾಣಬಹುದು.

ಧಾರವಾಡದ ವಿದ್ಯಾರ್ಥಿನಿ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಕ್ಯಾನ್ಸರ್ ಕೋಶ ಸಿಡಿ19 ಅನ್ನೇ ಬಿಟ್ಟುಬಿಟ್ಟರೆ?

ಫ್ಲೋ ಲ್ಯಾಬ್:
ಕೆಲವರಲ್ಲಿ ಹಾಗಾಗುತ್ತದೆ. ಆಗ ಸಿಡಿ22 ಉಳಿದಿದೆಯಾ ನೋಡುತ್ತೇವೆ, ಇನೊಟುಜುಮ್ಯಾಬ್‌ನ ಗುರಿ ಅದೇ. ಬ್ಲಿನಾಟುಮೊಮ್ಯಾಬ್ ತಗೊಂಡವರ ಸ್ಯಾಂಪಲ್ ಬಂದರೆ ನಾವು ಸಿಡಿ19 ಒಂದನ್ನೇ ನಂಬಿ ಹುಡುಕುವುದಿಲ್ಲ. ಸಿಡಿ22, ಸಿಡಿ24 ಗುರುತುಗಳನ್ನೂ ನೋಡುತ್ತೇವೆ. ಹಾಗಾಗಿ ಸ್ಯಾಂಪಲ್ ಕಳಿಸುವಾಗ ಯಾವ ಮದ್ದು ಕೊಟ್ಟಿದ್ದಾರೆ ಅಂತ ಫಾರಂನಲ್ಲಿ ದಯವಿಟ್ಟು ಬರೆಯಿರಿ.