ಪಂಜ ಮುಟ್ಟಲು ಬಿಡದ ಗುಂಡ: ಉಗುರು ಕತ್ತರಿಸಿದ ಅನುಭವ ಇದ್ದವರು ಹೇಳಿ

ಕೋಥ್ರೂಡ್, ಪುಣೆ

ನಮ್ಮ ಮನೆಗೆ ಗುಂಡ ಬಂದು ಎಂಟು ತಿಂಗಳಾಯಿತು. ಶಿಹ್ ತ್ಸು ಜಾತಿಯ ನಾಯಿ, ನಾಲ್ಕು ವರ್ಷ, ಆರು ಕಿಲೋ ತೂಕ. ಊರು ಬಿಟ್ಟು ಹೊರಟಿದ್ದ ಒಂದು ಕುಟುಂಬ ನಮಗೆ ಕೊಟ್ಟು ಹೋಯಿತು. ತೊಡೆ ಮೇಲೆ ಮಲಗುತ್ತಾನೆ, ಹೊಟ್ಟೆ ಸವರಿದರೆ ಕಣ್ಣು ಮುಚ್ಚುತ್ತಾನೆ. ಪಂಜಕ್ಕೆ ಕೈ ಹೋದರೆ ಮಾತ್ರ ಬೇರೆ ನಾಯಿಯೇ ಆಗಿಬಿಡುತ್ತಾನೆ. ಮೈ ಕಲ್ಲಾಗುತ್ತದೆ, ಗುರ್ ಅನ್ನುತ್ತಾನೆ, ಆಮೇಲೆ ಬಾಯಿ ಹಾಕುತ್ತಾನೆ. ಬಾಚಣಿಗೆ ಕಂಡರೂ ಸೋಫಾ ಕೆಳಗೆ ನುಗ್ಗುತ್ತಾನೆ.

ಕಳೆದ ತಿಂಗಳು ಗ್ರೂಮಿಂಗ್ ಅಂಗಡಿಗೆ ಕರೆದುಕೊಂಡು ಹೋದೆವು. ಇಬ್ಬರು ಅದುಮಿ ಹಿಡಿದು, ಬಾಯಿಗೆ ಪಟ್ಟಿ ಕಟ್ಟಿ, ಎರಡು ಉಗುರು ಕತ್ತರಿಸುವಷ್ಟರಲ್ಲಿ ರಕ್ತ ಬಂತು. ಮನೆಗೆ ಬಂದವನು ಮಾರನೇ ದಿನದ ತನಕ ಊಟ ಮುಟ್ಟಲಿಲ್ಲ. ಈಗ ನಡೆದರೆ ಟೈಲ್ಸ್ ಮೇಲೆ ಟಕ್ ಟಕ್ ಸದ್ದು. ಓಡಿ ಬರುವಾಗ ಜಾರುತ್ತಾನೆ. ಧಾರವಾಡದಿಂದ ಬಂದಿರುವ ನಮ್ಮ ಅತ್ತೆ, "ಪಾಪ, ಅದಕ್ಕೂ ಜೀವ ಐತಿ, ಎಳದಾಡಬ್ಯಾಡ್ರಿ" ಅಂತಾರೆ. ಎಳೆದಾಡದೆ ಹೇಗೆ ಮಾಡೋದು ಅನ್ನೋದೇ ಗೊತ್ತಾಗುತ್ತಿಲ್ಲ. ನಿಮ್ಮ ಮನೆಯಲ್ಲಿ ಇಂಥ ನಾಯಿ ಇದ್ದರೆ ಏನು ಮಾಡಿದಿರಿ, ದಯವಿಟ್ಟು ಹೇಳಿ.

ಡೊಂಬಿವಲಿ

ಅಕ್ಕ, ನಿಮ್ಮ ಅತ್ತೆ ಹೇಳಿದ್ದು ಸರಿ. ಎಳೆದಾಡದೆ ಖಂಡಿತ ಆಗುತ್ತದೆ, ದಿನ ಹಿಡಿಯುತ್ತದೆ ಅಷ್ಟೇ. ನಮ್ಮ ಮಲ್ಲಿ ಸ್ಪಿಟ್ಜ್, ನಾವೆಲ್ಲ ಪಾಮ್ ಅಂತ ಕರೀತೀವಲ್ಲ, ಅದು. ಉಗುರೆಲ್ಲ ಕಪ್ಪು. ಎರಡು ವರ್ಷ ನಾವೂ ಅವಳನ್ನು ಟವೆಲ್‌ನಲ್ಲಿ ಸುತ್ತಿ, ಮೂವರು ಹಿಡಿದು ಕತ್ತರಿಸಿದೆವು. ಪ್ರತಿ ಸಲವೂ ಹಿಂದಿನ ಸಲಕ್ಕಿಂತ ಜಾಸ್ತಿ ಕಷ್ಟವಾಯಿತು. ನಮ್ಮ ಬಲವಂತದಿಂದ ಅವಳು ಕಲಿತದ್ದು ಒಂದೇ: ಇನ್ನೂ ಬೇಗ, ಇನ್ನೂ ಜೋರಾಗಿ ಕಚ್ಚಬೇಕು ಅಂತ.

ಎರಡು ವಾರ ಕಟರ್ ಅನ್ನು ಕಪಾಟಿನಲ್ಲಿ ಇಟ್ಟುಬಿಡಿ. ಆದರೆ ಅದಕ್ಕೂ ಮೊದಲು ಒಂದು ಕೆಲಸ ಇದೆ. ಮುಂಗಾಲಿನ ಒಳಬದಿಯಲ್ಲಿ, ಸ್ವಲ್ಪ ಮೇಲೆ, ಹೆಬ್ಬೆರಳಿನ ಹಾಗೆ ಒಂದು ಉಗುರು ಇರುತ್ತದೆ. ಅದು ನೆಲಕ್ಕೆ ತಾಗುವುದಿಲ್ಲ, ಹಾಗಾಗಿ ಸವೆಯುವುದೂ ಇಲ್ಲ. ಶಿಹ್ ತ್ಸು ಕೂದಲಿನೊಳಗೆ ಕಾಣಿಸುವುದೇ ಇಲ್ಲ. ಅದು ಸುತ್ತಿಕೊಂಡು ಬೆಳೆದು ಮಾಂಸಕ್ಕೆ ಚುಚ್ಚಿದ್ದರೆ ಅಭ್ಯಾಸ ಗಿಭ್ಯಾಸ ಅಂತ ಕಾಯಬೇಡಿ, ನೇರ ಡಾಕ್ಟರ್ ಹತ್ತಿರ ಹೋಗಿ. ಬೆರಳ ಸಂದಿಯಲ್ಲಿ ಕೆಂಪಗಾಗಿದೆಯಾ, ವಾಸನೆ ಬರುತ್ತಿದೆಯಾ ಅದನ್ನೂ ನೋಡಿಸಿ. ನೋಯುವ ಪಂಜವನ್ನು ಯಾವ ನಾಯಿ ಕೊಡುತ್ತದೆ ಹೇಳಿ.

ನೋವಿಲ್ಲ ಅಂತ ಖಾತ್ರಿಯಾದ ಮೇಲೆ, ಎಲ್ಲಿ ತನಕ ಮುಟ್ಟಿದರೆ ಸುಮ್ನೆ ಇರುತ್ತಾನೆ ಅನ್ನೋದನ್ನು ಕಂಡುಕೊಳ್ಳಿ. ಮಲ್ಲಿಗೆ ಭುಜ ಓಕೆ, ಮೊಣಕೈ ಓಕೆ. ಅಲ್ಲಿಂದ ಕೆಳಗೆ ಕೈ ಇಳಿದರೆ ಕಿವಿ ಹಿಂದಕ್ಕೆ ಹೋಗುತ್ತಿತ್ತು. ಹಾಗಾಗಿ ನಾನು ಮೊಣಕೈಯಿಂದ ಶುರು ಮಾಡಿದೆ. ಒಂದು ಸಲ ಮುಟ್ಟೋದು, ಕೈ ತೆಗೆಯೋದು, ಬೇಯಿಸಿದ ಚಿಕನ್ನಿನ ಒಂದು ಚೂರು ಕೊಡೋದು. ಕಡಲೆಕಾಳಿನಷ್ಟು ಸಾಕು. ನಿಮ್ಮ ಮನೆಯಲ್ಲಿ ಚಿಕನ್ ಬೇಡವಾದರೆ ಪನೀರ್ ಆಗುತ್ತದೆ. ಸಂಜೆ ಊಟಕ್ಕೆ ಮುಂಚೆ, ಹಸಿವು ಇರುವಾಗ, ಎರಡೇ ನಿಮಿಷ.

ಇಲ್ಲಿ ಕ್ರಮ ತಪ್ಪಬಾರದು. ಮೊದಲು ಕೈ, ಆಮೇಲೆ ತಿಂಡಿ. ನಾನು ಶುರುವಿನಲ್ಲಿ ಉಲ್ಟಾ ಮಾಡುತ್ತಿದ್ದೆ. ತಿಂಡಿ ತೋರಿಸಿ, ತಿನ್ನುವಾಗ ಮೆಲ್ಲಗೆ ಪಂಜ ಹಿಡಿಯುತ್ತಿದ್ದೆ. ಮೂರನೇ ದಿನಕ್ಕೆ ಚಿಕನ್ ಬಟ್ಟಲು ಕಂಡರೇ ದೂರ ಹೋಗಲು ಶುರು ಮಾಡಿದಳು. ಬಟ್ಟಲು ಬಂದರೆ ಹಿಡಿಯುತ್ತಾರೆ ಅಂತ ಅವಳಿಗೆ ಗೊತ್ತಾಗಿಬಿಟ್ಟಿತ್ತು.

ನಮಗೆ ನಿಜವಾಗಿ ದಾರಿ ತೋರಿಸಿದ್ದು ಬಕೆಟ್ ಆಟ. ಬ್ರಿಟನ್‌ನಲ್ಲಿರುವ ತರಬೇತುದಾರ ಚಿರಾಗ್ ಪಟೇಲ್ ರೂಪಿಸಿದ ವಿಧಾನ ಅದು. ಒಂದು ಡಬ್ಬಿಯಲ್ಲಿ ತಿಂಡಿ ಹಾಕಿ ನಾಯಿಗೆ ಕಾಣುವ ಹಾಗೆ ಇಡಬೇಕು. ಡಬ್ಬಿಯನ್ನು ನೋಡುತ್ತಾ ಸುಮ್ನೆ ಇದ್ದರೆ ತಿಂಡಿ ಸಿಗುತ್ತದೆ ಅಂತ ಮೊದಲು ಕಲಿಸೋದು. ಆಮೇಲೆ ಅದು ಡಬ್ಬಿ ನೋಡುತ್ತಿರುವ ತನಕ ನಾವು ಮುಟ್ಟಬಹುದು. ಕಣ್ಣು ಬೇರೆ ಕಡೆ ತಿರುಗಿತೋ, ಆ ಕ್ಷಣವೇ ಕೈ ತೆಗೆಯಬೇಕು. ಮತ್ತೆ ಡಬ್ಬಿ ಕಡೆ ನೋಡಿದರೆ ಮಾತ್ರ ಮುಂದುವರಿಸಬೇಕು. ಬೇಡ ಅನ್ನುವ ಅಧಿಕಾರ ನಾಯಿಯ ಕೈಯಲ್ಲೇ ಇರುತ್ತದೆ.

ನಾನು ಒಗ್ಗರಣೆ ಡಬ್ಬಿಯ ಒಂದು ಸ್ಟೀಲ್ ಬಟ್ಟಲು ಇಟ್ಟಿದ್ದೆ. ಒಂದು ದಿನ ಬೆರಳು ಅವಳ ಮಣಿಕಟ್ಟಿಗೆ ಇಳಿಯಿತು. ಮಲ್ಲಿ ತಲೆ ತಿರುಗಿಸಿದಳು. ನಾನು ಕೈ ತೆಗೆದೆ. ಅವಳು ನನ್ನ ಮುಖ ನೋಡಿದಳು, ಕೈ ನೋಡಿದಳು, ಒಂದು ಸಲ ಮೂಗು ನೆಕ್ಕಿಕೊಂಡಳು. ಆಮೇಲೆ ತಾನಾಗೇ ಬಟ್ಟಲಿನ ಕಡೆ ತಿರುಗಿ, ಆ ಕಾಲನ್ನು ನೆಲದಿಂದ ಒಂದಿಷ್ಟು ಎತ್ತಿದಳು. ನಾನು ಮುಟ್ಟಿದೆ. ಪಂಜ ನಡುಗಲಿಲ್ಲ. ಎರಡು ವರ್ಷದಲ್ಲಿ ಅವಳ ಪಂಜದ ಮೆತ್ತನೆಯ ಗುಂಡುಗಳು ನನ್ನ ಅಂಗೈಯಲ್ಲಿ ಸುಮ್ನೆ ಕೂತದ್ದು ಅದೇ ಮೊದಲು. ನನಗೆ ಅಳು ಬಂತು.

ಆಮೇಲೆ ಕಟರ್. ಮೂರ್ನಾಲ್ಕು ದಿನ ಊಟದ ತಟ್ಟೆ ಪಕ್ಕ ಸುಮ್ನೆ ಇಟ್ಟಿದ್ದೆ. ನಂತರ ಮದ್ದು ಕಿತ್ತ ಬೆಂಕಿಕಡ್ಡಿಯನ್ನು ಅದರಲ್ಲಿ ಕತ್ತರಿಸಿ ಟಕ್ ಸದ್ದು ಕೇಳಿಸಿದೆ. ಪ್ರತಿ ಸದ್ದಿಗೂ ಒಂದು ಚೂರು ಚಿಕನ್. ನಂತರ ಕಟರ್ ಅನ್ನು ಉಗುರಿಗೆ ತಾಗಿಸಿ ತೆಗೆಯೋದು. ಅದಾದ ಮೇಲೆ ಒಂದು ದಿನ, ಒಂದೇ ಒಂದು ಉಗುರಿನ ತುದಿ.

ದಿನಕ್ಕೆ ಒಂದೇ ಉಗುರು ಅಂದರೆ ಯಾವಾಗ ಮುಗಿಯುತ್ತದೆ ಅನ್ನಿಸಬಹುದು. ಮುಂಗಾಲಿಗೆ ಐದೈದು, ಹಿಂಗಾಲಿಗೆ ನಾಲ್ಕು ನಾಲ್ಕು, ಹೆಚ್ಚಿನ ನಾಯಿಗಳಿಗೆ ಒಟ್ಟು 18. ದಿನಕ್ಕೊಂದರಂತೆ 18 ದಿನಕ್ಕೆ ಒಂದು ಸುತ್ತು. ಅಷ್ಟರಲ್ಲಿ ಮೊದಲನೆಯದರ ಸರದಿ ಮತ್ತೆ ಬಂದಿರುತ್ತದೆ. ನಾನು ಇವತ್ತಿಗೂ ಹಾಗೇ ಮಾಡೋದು.

ಕಟರ್ ಚಿಕ್ಕದಿರಲಿ, ಹರಿತ ಇರಲಿ. ಮೊಂಡಾದದ್ದು ಉಗುರನ್ನು ಕತ್ತರಿಸುವ ಮೊದಲು ಹಿಂಡುತ್ತದೆ, ಅದೇ ನೋವು. ನಮ್ಮ ಉಗುರು ಕಟರ್ ಬೇಡ. ನಾಯಿ ಉಗುರು ದುಂಡಗೆ, ಚಪ್ಪಟೆ ಮಾಡಿದರೆ ಸೀಳುತ್ತದೆ. ಉಗುರಿನೊಳಗೆ ರಕ್ತನಾಳ, ನರ ಇರುವ ಜೀವದ ಭಾಗ ಇರುತ್ತದೆ, ಕ್ವಿಕ್ ಅಂತಾರೆ. ಬಿಳಿ ಉಗುರಿನಲ್ಲಿ ಗುಲಾಬಿ ಬಣ್ಣದಲ್ಲಿ ಕಾಣಿಸುತ್ತದೆ. ಕಪ್ಪು ಉಗುರಿನಲ್ಲಿ ಹೊರಗಿಂದ ಏನೂ ಗೊತ್ತಾಗುವುದಿಲ್ಲ. ಅಡಿಕೆ ಕೆರೆದ ಹಾಗೆ ತೆಳ್ಳಗೆ ತೆಳ್ಳಗೆ ತೆಗೆದು, ಪ್ರತಿ ಸಲ ಕತ್ತರಿಸಿದ ಮುಖ ನೋಡಬೇಕು. ಮೊದಲು ಸುಣ್ಣದ ಹಾಗೆ ಒಣಗಿ ಪುಡಿಪುಡಿ ಇರುತ್ತದೆ. ನಡುವೆ ಬೂದು ಬಣ್ಣದ ಮೆತ್ತನೆ ಚುಕ್ಕೆ ಕಂಡ ಕೂಡಲೇ ನಿಲ್ಲಿಸಿ. ಜಾಸ್ತಿ ದಿನ ಬಿಟ್ಟ ಉಗುರಿನಲ್ಲಿ ಜೀವವೂ ಉದ್ದ ಬಂದಿರುತ್ತದೆ. ಒಂದೇ ಸಲ ಗಿಡ್ಡ ಮಾಡಲು ಹೋಗಬೇಡಿ. ಆಗಾಗ ತುದಿ ತೆಗೆಯುತ್ತಿದ್ದರೆ ಅದು ತಾನಾಗೇ ಹಿಂದೆ ಸರಿಯುತ್ತದೆ.

ರಕ್ತ ಬಂದರೆ ಕಾರ್ನ್‌ಫ್ಲೋರ್ ಅದ್ದಿ ಐದು ನಿಮಿಷ ಒತ್ತಿ ಹಿಡಿಯಿರಿ, ನಡುವೆ ತೆಗೆದು ನೋಡಬೇಡಿ. ರಕ್ತ ನಿಲ್ಲಿಸುವ ಸ್ಟಿಪ್ಟಿಕ್ ಪೌಡರ್ ಸಿಕ್ಕರೆ ಇನ್ನೂ ಒಳ್ಳೆಯದು. ನನ್ನಿಂದಲೂ ಒಂದು ಸಲ ಆಗಿದೆ. ಬೆಳಕು ಕಮ್ಮಿ ಇತ್ತು, ಇನ್ನೊಂದು ಚೂರು ಅಂತ ಒತ್ತಿದೆ. ಕಿರುಚಿದಳು. ಮತ್ತೆ ಮೊಣಕೈಯಿಂದ ಶುರು ಮಾಡಿ, ಹತ್ತು ದಿನ ಹಿಡಿಯಿತು. ಅವತ್ತಿನಿಂದ ಬಾಲ್ಕನಿ ಬೆಳಕಿನಲ್ಲಿ, ಹಗಲು ಹೊತ್ತಿನಲ್ಲಿ ಮಾತ್ರ.

ಇನ್ನೊಂದು ಮಾತು. ಗುರ್ ಅಂದರೆ ಬೈಯಬೇಡಿ. ಗುಂಡ ನಿಮಗೆ ಮುಂಚೆಯೇ ಹೇಳುತ್ತಿದ್ದಾನಲ್ಲ, ಅದು ಒಳ್ಳೆಯದೇ. ಬೈದು ಬಾಯಿ ಮುಚ್ಚಿಸಿದರೆ ಮುಂದಿನ ಸಲ ಹೇಳದೆ ಕಚ್ಚುತ್ತಾನೆ.

ಮಾಟುಂಗಾ, ಮುಂಬಯಿ

ಉಗುರಿನ ಬಗ್ಗೆ ಮೇಲಿನವರು ಚೆನ್ನಾಗಿ ಹೇಳಿದ್ದಾರೆ. ನಾನು ಕೂದಲಿನ ಬಗ್ಗೆ ಮಾತ್ರ ಹೇಳುತ್ತೇನೆ. ನಮ್ಮದು ಲಾಸಾ ಆಪ್ಸೊ, ಅದೂ ಉದ್ದ ಕೂದಲಿನ ಜಾತಿ, ಈಗ 11 ವರ್ಷ.

ಬಾಚಣಿಗೆ ಕಂಡರೆ ಓಡುತ್ತಾನೆ ಅಂದರೆ ಎಲ್ಲೋ ಗಂಟು ಇದೆ, ಎಳೆದಾಗ ನೋಯುತ್ತಿದೆ ಅಂತ. ಕಿವಿ ಹಿಂದೆ, ಕಂಕುಳಲ್ಲಿ, ಬೆಲ್ಟ್ ಕೂರುವ ಜಾಗದಲ್ಲಿ ಬೆರಳಾಡಿಸಿ ನೋಡಿ. ಗಂಟು ಇದ್ದಾಗ ಸ್ನಾನ ಮಾಡಿಸಲೇಬೇಡಿ. ನೀರು ಬಿದ್ದು ಒಣಗಿದರೆ ಅದು ಕಂಬಳಿಯ ಹಾಗೆ ಬಿಗಿಯುತ್ತದೆ. ಚರ್ಮಕ್ಕೆ ಹತ್ತಿರ ಕೂದಲನ್ನು ಎರಡು ಬೆರಳಿನಲ್ಲಿ ಬಿಗಿ ಹಿಡಿದು, ತುದಿಯಿಂದ ಸ್ವಲ್ಪ ಸ್ವಲ್ಪವೇ ಬಿಡಿಸಿ. ನಮ್ಮಮ್ಮ ನನ್ನ ಜಡೆ ಸಿಕ್ಕು ಬಿಡಿಸುತ್ತಿದ್ದದ್ದು ಹೀಗೇ. ಬುಡ ಹಿಡಿದುಕೊಂಡರೆ ಚರ್ಮ ಎಳೆಯುವುದಿಲ್ಲ. ಕತ್ತರಿ ಮಾತ್ರ ಬೇಡ. ಗಂಟಿನೊಳಗೆ ಚರ್ಮವೂ ಸೇರಿಕೊಂಡಿರುತ್ತದೆ, ಹೊರಗಿಂದ ಕಾಣುವುದಿಲ್ಲ. ಗಟ್ಟಿ ಗಂಟಿಗೆ ಡಾಕ್ಟರ್ ಬಳಿಯೇ ಟ್ರಿಮ್ಮರ್ ಹಾಕಿಸಿ.

ಮಳೆಗಾಲದಲ್ಲಿ ವಾಕಿಂಗ್ ಮುಗಿಸಿ ಬಂದ ಮೇಲೆ ಬೆರಳ ಸಂದಿ ಒರೆಸಿ ಒಣಗಿಸಲೇಬೇಕು. ಮುಂಬಯಿ ಮಳೆ ನಾಲ್ಕು ತಿಂಗಳು. ಅಷ್ಟು ದಿನ ಒದ್ದೆ ಇದ್ದರೆ ತುರಿಕೆ ಹಿಡಿಯುತ್ತದೆ, ಆಮೇಲೆ ಪಂಜ ಮುಟ್ಟಲು ಕೊಡುವುದೇ ಇಲ್ಲ. ಹಾಂ, ಮುಖ ಚಪ್ಪಟೆ ಇರುವ ನಾಯಿಗೆ ಉಸಿರಾಟ ಮೊದಲೇ ಕಷ್ಟ. ಕುತ್ತಿಗೆ ಒತ್ತಿ ಹಿಡಿಯುವುದು, ಬಿಸಿ ಡ್ರೈಯರ್ ಮುಂದೆ ಕೂಡಿಹಾಕುವುದು ಎರಡೂ ಅಪಾಯ. ಅಂಗಡಿಯವರಿಗೆ ಇದನ್ನು ಮೊದಲೇ ಹೇಳಿ.

ಚಿಂಚವಡ್, ಪುಣೆ

ನಾನು ಔಷಧಿಯ ಪರವಾಗಿ ಹೇಳುತ್ತೇನೆ, ಯಾಕೆಂದರೆ ನಾವು ನಾಚಿಕೆಯಿಂದ ಒಂದು ವರ್ಷ ಕಳೆದೆವು. ಉಗುರು ಕತ್ತರಿಸೋಕೆ ಮದ್ದು ಕೊಡೋದಾ ಅಂತ ಅನ್ನಿಸುತ್ತಿತ್ತು. ನಮ್ಮ ನಾಯಿ ಪಂಜ ಮುಟ್ಟಿದರೆ ಮೂತ್ರ ಮಾಡಿಕೊಳ್ಳುವಷ್ಟು ಹೆದರುತ್ತಿತ್ತು. ಕೊನೆಗೆ ಡಾಕ್ಟರ್ ತೂಕ ನೋಡಿ, ಭಯ ಇಳಿಸುವ ಮಾತ್ರೆ ಬರೆದುಕೊಟ್ಟರು. ಕ್ಲಿನಿಕ್‌ಗೆ ಹೊರಡುವ ಮುಂಚೆ ಮನೆಯಲ್ಲೇ ಕೊಡುವಂಥದ್ದು. ಉದ್ದ ಬೆಳೆದ ಉಗುರನ್ನು ಅಲ್ಲಿ ಒಂದು ಸಲ ಸರಿ ಮಾಡಿಸಿಕೊಂಡು, ಆಮೇಲೆ ಮನೆಯಲ್ಲಿ ಅಭ್ಯಾಸ ಶುರು ಮಾಡಿದೆವು. ಗುಂಡ ಜಾರುತ್ತಿದ್ದಾನೆ ಅಂದಿರಿ. ಹಾಗಾಗಿ ನೀವೂ ಕೇಳಿ ನೋಡಿ. ಆದರೆ ಮನುಷ್ಯರ ಮಾತ್ರೆ ಮುರಿದು ಕೊಡಬೇಡಿ. ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಎರಡೂ ನಾಯಿಗೆ ಅಪಾಯ.

ಮಂಡಿಯನ್ನೂ ತೋರಿಸಿ. ಸಣ್ಣ ಜಾತಿಯ ನಾಯಿಗಳಲ್ಲಿ ಮಂಡಿ ಚಿಪ್ಪು ಜಾರುವ ತೊಂದರೆ ಸಾಮಾನ್ಯ. ನಮ್ಮದಕ್ಕೆ ಇದ್ದದ್ದೂ ಅದೇ.

ಹಲ್ಲು ತಾಗಿ ಚರ್ಮ ಹರಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅವತ್ತೇ ಡಾಕ್ಟರಿಗೆ ತೋರಿಸಿ. ಮನೆ ನಾಯಿ, ಲಸಿಕೆ ಆಗಿದೆ ಅಂತ ಬಿಡಬೇಡಿ. ಬಾಯಿಗೆ ಕುಕ್ಕೆ ಹಾಕುವುದಾದರೆ ಬುಟ್ಟಿಯ ಥರದ್ದು ಹಾಕಿ, ಅದರಲ್ಲಿ ಬಾಯಿ ತೆರೆದು ಉಸಿರಾಡಬಹುದು. ಆದರೆ ಗುಂಡನ ಮೂತಿ ಗಿಡ್ಡ, ಅದಕ್ಕೆ ಹೊಂದುವ ಅಳತೆ ಬೇರೆಯೇ ಇರುತ್ತದೆ.

ಮತ್ತೆ, ಗಣಪತಿ ಹಬ್ಬಕ್ಕೆ ಮುಂಚೆ ಢೋಲ್ ತಾಶಾ ಪ್ರಾಕ್ಟೀಸ್ ಶುರುವಾಗುತ್ತದಲ್ಲ, ಆ ದಿನಗಳಲ್ಲಿ ಹೊಸ ಪಾಠ ಬೇಡ. ಸದ್ದಿಗೆ ಮೊದಲೇ ಹೆದರಿರುತ್ತದೆ, ಅದರ ಮೇಲೆ ನಮ್ಮ ಕೈ ಬೇರೆ. ದೀಪಾವಳಿಗೂ ಅಷ್ಟೇ.

ವಾಸ್ಕೊ, ಗೋವಾ

ನಾವು ಕಟರ್ ಕೈಬಿಟ್ಟೆವು. ನಮ್ಮೆಜಮಾನರು ಬಡಗಿ ಕೆಲಸ ಮಾಡುತ್ತಾರೆ. ಒಂದು ಹಲಗೆಗೆ ಪಾಲಿಶ್ ಪೇಪರ್ ಅಂಟಿಸಿ, ನಾಯಿಗೆ ಅದನ್ನು ಕೆರೆಯಲು ಕಲಿಸಿದೆವು. 80 ನಂಬರ್ ಪೇಪರ್. ಹಲಗೆ ಕೆಳಗೆ ಬೇಯಿಸಿದ ಬಂಗಡೆ ಚೂರು ಇಟ್ಟು, ಮುಳ್ಳು ತೆಗೆದದ್ದು, ಪಂಜದಿಂದ ಕೆರೆದರೆ ಎತ್ತಿ ಕೊಡೋದು. ನಾಲ್ಕು ದಿನದಲ್ಲಿ ಕಲಿತ. ಈಗ ಹಲಗೆ ಗೋಡೆಗೆ ಒರಗಿಸಿದರೆ ಸಾಕು, ತಾನೇ ಓಡಿ ಬಂದು ಕೆರೆಯುತ್ತಾನೆ. ಮುಂಗಾಲಿನ ನಾಲ್ಕು ನಾಲ್ಕು ಉಗುರಿಗೆ ಇಷ್ಟು ಸಾಕು. ಮೇಲಿನ ಹೆಬ್ಬೆರಳ ಉಗುರು ಮಾತ್ರ ಇದರಲ್ಲಿ ಸವೆಯುವುದಿಲ್ಲ, ಅದನ್ನು ಡಾಕ್ಟರ್ ಕತ್ತರಿಸುತ್ತಾರೆ. ಪಂಜದ ಅಡಿಯ ಮೆತ್ತನೆ ಭಾಗ ಉಜ್ಜಿಹೋಗುತ್ತಿದೆಯಾ ಅಂತ ನೋಡುತ್ತಿರಿ, ದಿನಕ್ಕೆ ಏಳೆಂಟು ಸಲ ಕೆರೆದರೆ ನಿಲ್ಲಿಸಿ.

ನೆಕ್ಕಿಸಲು ಪೀನಟ್ ಬಟರ್ ಕೊಡುವವರು ಡಬ್ಬಿಯ ಹಿಂದೆ ಕ್ಸೈಲಿಟಾಲ್ ಅಂತ ಇದೆಯಾ ಓದಿ. ಆ ಸಿಹಿಕಾರಕ ನಾಯಿಗೆ ವಿಷ. ದ್ರಾಕ್ಷಿ, ಒಣದ್ರಾಕ್ಷಿಯೂ ಕೊಡಬಾರದು.

ಕೋಥ್ರೂಡ್, ಪುಣೆ (ಐದು ವಾರದ ನಂತರ)

ಎಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳಲಿ ಗೊತ್ತಿಲ್ಲ. ಡಾಕ್ಟರಿಗೆ ತೋರಿಸಿದೆವು. ಎಡಗಾಲಿನ ಹೆಬ್ಬೆರಳ ಉಗುರು ಪೂರ್ತಿ ಸುತ್ತಿಕೊಂಡು ಚರ್ಮಕ್ಕೆ ಒತ್ತುತ್ತಿತ್ತು. ಆ ಕೂದಲ ಕೆಳಗೆ ಎಂಟು ತಿಂಗಳು ನಮಗೆ ಕಂಡೇ ಇರಲಿಲ್ಲ. ಮಾತ್ರೆ ಕೊಟ್ಟು ಅದನ್ನು ತೆಗೆದರು, ಉಳಿದವನ್ನೂ ಅಲ್ಲೇ ಸರಿ ಮಾಡಿದರು. ಮಂಡಿ ಸರಿ ಇದೆ ಅಂದರು.

ಆಮೇಲೆ ಡಬ್ಬಿ ಆಟ. ನಮ್ಮ ಅತ್ತೆಯೇ ಮಾಡಿದ್ದು ಅಂದರೂ ನಡೆಯುತ್ತದೆ. ದಿನಾ ಸಂಜೆ ನೆಲದ ಮೇಲೆ ಕಾಲು ಚಾಚಿ ಕೂತು, ಪನೀರ್ ಬಟ್ಟಲು ಇಟ್ಟುಕೊಂಡು, "ನೋಡೋ ಗುಂಡಪ್ಪ, ನಿಂಗ ಬ್ಯಾಡಾದ್ರ ಬ್ಯಾಡ" ಅಂತ ಅವನ ಜೊತೆ ಮಾತಾಡುತ್ತಾ ಮುಟ್ಟುತ್ತಾರೆ. ಮೊನ್ನೆ ನಾನು ಬಲ ಮುಂಗಾಲಿನ ಒಂದು ಉಗುರಿನ ತುದಿ ತೆಗೆದೆ. ಗುರ್ ಅನ್ನಲಿಲ್ಲ. ಹಿಂಗಾಲು ಮಾತ್ರ ಇನ್ನೂ ಕೊಡುವುದಿಲ್ಲ, ಎತ್ತಿದ ಕೂಡಲೇ ಕೂತುಬಿಡುತ್ತಾನೆ. ಅದಕ್ಕೇನು ಮಾಡಲಿ?

ಡೊಂಬಿವಲಿ

ಅಕ್ಕ, ಅತ್ತೆಯವರಿಗೆ ನನ್ನ ನಮಸ್ಕಾರ ಹೇಳಿ.

ಹಿಂಗಾಲನ್ನು ಪಕ್ಕಕ್ಕೆ ಎತ್ತುತ್ತಿದ್ದೀರಾ ಅಂತ ಒಮ್ಮೆ ನೋಡಿಕೊಳ್ಳಿ. ನಾವು ಪಕ್ಕದಲ್ಲಿ ಕೂತಿರುತ್ತೇವೆ, ನಮಗೆ ಕಾಣಲಿ ಅಂತ ನಮ್ಮ ಕಡೆಗೇ ಎಳೆಯುತ್ತೇವೆ. ನಾಯಿಯ ಕಾಲು ಆ ಕಡೆ ಮಡಿಸುವುದಿಲ್ಲ, ಸೊಂಟ ನೋಯುತ್ತದೆ. ಕುದುರೆಗೆ ಲಾಳ ಕಟ್ಟುವಾಗ ಕಾಲನ್ನು ನೇರ ಹಿಂದಕ್ಕೆ ಮಡಿಸುತ್ತಾರಲ್ಲ, ಹಾಗೆ ಹಿಂದಕ್ಕೆ, ನೆಲಕ್ಕೆ ಹತ್ತಿರವೇ ಎತ್ತಿ. ಕೆಳಗೆ ಒಂದು ಯೋಗ ಮ್ಯಾಟ್ ಹಾಸಿ. ಟೈಲ್ಸ್ ಮೇಲೆ ಮೂರು ಕಾಲಿನಲ್ಲಿ ನಿಲ್ಲಲು ಅವನಿಗೆ ಹಿಡಿತ ಸಿಗುವುದಿಲ್ಲ, ಅದಕ್ಕೇ ಕೂರುತ್ತಿರಬಹುದು. ಅಥವಾ ಅತ್ತೆಯ ತೊಡೆ ಮೇಲೆ ಅವನಾಗೇ ಮಲಗಿದಾಗ ಮಾಡಿ, ಎತ್ತುವ ಕೆಲಸವೇ ಇರುವುದಿಲ್ಲ. ನಿದ್ದೆ ಹೋದಾಗ ಮಾತ್ರ ಬೇಡ, ಬೆಚ್ಚಿಬೀಳುತ್ತಾನೆ.

ತೊಡೆಯಿಂದ ಶುರು ಮಾಡಿ, ಮುಂಗಾಲಿಗೆ ಮಾಡಿದ ಹಾಗೇ. ಯಾವ ಉಗುರು ಆಯಿತು ಅಂತ ಅಡುಗೆಮನೆ ಕ್ಯಾಲೆಂಡರಿನಲ್ಲಿ ಬರೆದಿಡಿ. ಇಲ್ಲದಿದ್ದರೆ ನಾಲ್ಕೇ ದಿನಕ್ಕೆ ಗೊಂದಲವಾಗುತ್ತದೆ.