ಸಮಸ್ಯೆ: ಹಾಡದೆಯೆ ಹಾಡಾಯ್ತು ನೋಡಾ

ತುಮಕೂರು:
ಈ ವಾರದ ಸಮಸ್ಯೆ ಮೇಲಿದೆ, ಪದ್ಯ ಆ ಸಾಲಿನಲ್ಲೇ ಮುಗಿಯಬೇಕು. ಭಾಮಿನಿ ಷಟ್ಪದಿಯ ನಡೆ, ಸಾಲಿಗೆ 3-4-3-4 ಮಾತ್ರೆ, ಆದರೆ ನಾಲ್ಕೇ ಸಾಲು. ಡಕಾರದ ಆದಿಪ್ರಾಸ ಬಿಡಬೇಡಿ, ಪ್ರತಿ ಸಾಲಿನ ಎರಡನೇ ಅಕ್ಷರ ಡಕಾರವೇ ಇರಲಿ. ವಸ್ತು ಮಾತ್ರ ನಾನೇ ಹೇಳುತ್ತೇನೆ: ನಾಸ್ ಎಂಬ ಹುಡುಗನ ಮೊದಲ ರ‍್ಯಾಪ್ ಆಲ್ಬಂ 'ಇಲ್‌ಮ್ಯಾಟಿಕ್' ಹುಟ್ಟಿದ ಬಗೆ. ರ‍್ಯಾಪ್ ಅಂದರೆ ರಾಗವಾಗಿ ಹಾಡದೆ, ತಾಳಕ್ಕೆ ಸರಿಯಾಗಿ ಪ್ರಾಸದ ಮಾತಾಡುವುದು. ನಮ್ಮಲ್ಲಿ ಕೆಲವರಿಗೆ ರ‍್ಯಾಪ್ ಅಂದರೆ ಸುಮ್ನೆ ಗಲಾಟೆ. ಆದರೆ ನ್ಯೂಯಾರ್ಕಿನ ಕ್ವೀನ್ಸ್‌ಬ್ರಿಡ್ಜ್ ಎಂಬ ದೊಡ್ಡ ಸರ್ಕಾರಿ ವಸತಿಯಲ್ಲಿ ಬೆಳೆದು, ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟು, ಬೀದಿಯಲ್ಲಿ ಕಂಡದ್ದನ್ನೆಲ್ಲ ಪ್ರಾಸಕ್ಕೆ ತಂದವನು ಇವನು. 1994ರ ಏಪ್ರಿಲ್ 19ಕ್ಕೆ ಆಲ್ಬಂ ಬಂದಾಗ ಅವನಿಗೆ ಬರೀ 20 ವರ್ಷ. ಪೂರ್ತಿ ಕೇಳಿದರೂ 40 ನಿಮಿಷ ಆಗುವುದಿಲ್ಲ. ಸಾಲಿನ ಕೊನೆಗಷ್ಟೇ ಅಲ್ಲ, ಒಳಗೂ ಪ್ರಾಸ ಹೆಣೆಯುತ್ತಾನೆ. ಅದು ನಮಗೆ ಹೊಸದಲ್ಲ, ಅಲ್ವಾ?

ಕೋಲಾರ:
ಇದು ನನ್ನದು, ಮೇಷ್ಟ್ರೇ.

ಗೋಡೆ ಗೋಡೆಯ ನಡುವೆ ಕಿಟಕಿಯ
ಗೂಡಿನೊಳಗಿನ ಹುಡುಗ ಕಂಡುದ
ಬೇಡವೆನ್ನದೆ ತಾಳಕಿಟ್ಟಿರೆ
ಹಾಡದೆಯೆ ಹಾಡಾಯ್ತು ನೋಡಾ

ತುಮಕೂರು:
'ಬೇಡವೆನ್ನದೆ' ಎಷ್ಟು ಚೆನ್ನಾಗಿ ಕೂತಿದೆ ಅಕ್ಕ! ಅವನು ಒಳ್ಳೆಯದನ್ನು ಮಾತ್ರ ಆರಿಸಿಕೊಳ್ಳಲಿಲ್ಲ, ಜೈಲಿನಲ್ಲಿದ್ದ ಗೆಳೆಯನಿಗೆ ಬರೆದ ಕಾಗದದಂಥ ಹಾಡೂ ಅದರಲ್ಲಿದೆ.

ಚಿಕ್ಕಬಳ್ಳಾಪುರ:
ನಾನು ತಾಳ ಕಟ್ಟಿದವರ ಮೇಲೆ ಬರೆದೆ.

ನಾಡಿ ಹಿಡಿದರು ಹಳೆಯ ತಟ್ಟೆಯ
ಕೂಡಿ ತಾಳವ ಕಡೆದರೈವರು
ಪಾಡು ಬರೆದವನೊಬ್ಬ ಪೋರನು
ಹಾಡದೆಯೆ ಹಾಡಾಯ್ತು ನೋಡಾ

ತಟ್ಟೆ ಅಂದರೆ ಗ್ರಾಮಫೋನ್ ತಟ್ಟೆ. ಜಾಝ್ ಪಿಯಾನೊ ವಾದಕ ಅಹ್ಮದ್ ಜಮಾಲ್ ಅವರ ಹಳೆಯ ತಟ್ಟೆಯಿಂದ ಒಂದು ತುಣುಕು ಕತ್ತರಿಸಿ, ಅದನ್ನೇ ಸುತ್ತಿಸುತ್ತ, ತಾಳ ಕಟ್ಟಿದ ಐವರಲ್ಲಿ ಒಬ್ಬರಾದ ಪೀಟ್ ರಾಕ್ ಇಡೀ ಒಂದು ಹಾಡಿಗೆ ನೆಲ ಹಾಕಿದರು. ನನಗೆ ಇದನ್ನು ಕೇಳಿದಾಗ ನಮ್ಮ ತಮಟೆ ನೆನಪಾಗುತ್ತದೆ. ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ನಮ್ಮ ಕಡೆ ಎಷ್ಟು ಸಂಭ್ರಮ. ತಮಟೆಯ ಪೆಟ್ಟು ಸರಿ ಬಿದ್ದರೆ ಬರೀ ಮಾತೂ ಕುಣಿಯುತ್ತದೆ.

ತುಮಕೂರು:
ಪದ್ಯ ಚೆನ್ನಾಗಿದೆ ತಮ್ಮಾ, 'ಪಾಡು' ಅಂತೂ ಎರಡರ್ಥಕ್ಕೂ ಸಲ್ಲುತ್ತದೆ. ಆದರೆ 'ಕೂಡಿ' ಸರಿಯಲ್ಲ. ಐವರೂ ಒಟ್ಟಿಗೆ ಕೂತು ಮಾಡಲಿಲ್ಲ. ಡಿಜೆ ಪ್ರೀಮಿಯರ್ ಮೂರು ಹಾಡು, ಲಾರ್ಜ್ ಪ್ರೊಫೆಸರ್ ಮೂರು, ಪೀಟ್ ರಾಕ್, ಕ್ಯೂ-ಟಿಪ್, ಎಲ್‌ಇಎಸ್ ಒಂದೊಂದು. ಆಗ ರ‍್ಯಾಪ್ ಆಲ್ಬಂ ಅಂದರೆ ಸಾಮಾನ್ಯವಾಗಿ ಒಬ್ಬರದೇ ಕೈ, ಇದು ಬಂದ ಮೇಲೆ ಹಲವರ ಕೈಯಲ್ಲಿ ಮಾಡಿಸುವುದು ಜಾಸ್ತಿ ಆಯಿತು. 'ಮೋಡಿ ತಾಳವ' ಮಾಡಿಬಿಡು. ಮಾತ್ರೆಯೂ ಕೆಡುವುದಿಲ್ಲ.

ಚಿಕ್ಕಬಳ್ಳಾಪುರ:
ಹೌದು, 'ಮೋಡಿ'ಯೇ ಸರಿ. ತಿದ್ದಿಕೊಂಡೆ. ನಿಮ್ಮದೆಲ್ಲಿ ಮೇಷ್ಟ್ರೇ?

ತುಮಕೂರು:
ನಾಸ್ ಜೊತೆ ಒಂದೇ ಕಟ್ಟಡದಲ್ಲಿ ಬೆಳೆದ ಆಪ್ತ ಗೆಳೆಯ 1992ರಲ್ಲಿ ಗುಂಡಿಗೆ ಬಲಿಯಾದ. ಆಲ್ಬಂ ಉದ್ದಕ್ಕೂ ಆ ನೋವಿದೆ. ಅಮಾನಿಕೆರೆ ಏರಿಯ ಮೇಲೆ ನಡೆಯುತ್ತ ಎರಡು ಸಂಜೆ ಇದಕ್ಕೇ ಕಳೆದೆ.

ಕೂಡಿ ಬೆಳೆದವ ಮಣ್ಣ ಸೇರಲು
ಕಾಡಿದಾ ನೆನಪೆಲ್ಲ ತಾಳವ
ಬೇಡಿ ಬಂದವು, ಕಟ್ಟಿಕೊಡುತಿರೆ
ಹಾಡದೆಯೆ ಹಾಡಾಯ್ತು ನೋಡಾ

ಕೋಲಾರ:
ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತುಬಿಟ್ಟೆ. ನಾಸ್‌ನ ಅಪ್ಪ ಓಲು ಡಾರಾ ಒಂದು ಹಾಡಿನ ಕೊನೆಗೆ ಟ್ರಂಪೆಟ್‌ನಂಥ ಕಾರ್ನೆಟ್ ಊದಿದ್ದಾರಲ್ಲ, ಅವರಿಗೂ ಒಂದು ಪದ್ಯ ಬೇಕು. ಎರಡು ಸಾಲು ಸಿಕ್ಕಿದೆ:

ಕೂಡಿಕೊಂಡಿತು ಕೊನೆಗೆ ತಂದೆಯು
ನೀಡಿದುಸಿರಿನ ಕಹಳೆ, ಮಗನಿಗೆ

ಮೂರನೆಯದು ಬರುತ್ತಿಲ್ಲ. ಯಾರಾದರೂ ಕೊಡಿ.